ಎಲೆಗಳು ಉಳಿದವು, ಆಟ ಉಳಿಯಿತೇ?

ಎರಡು ವರ್ಷಗಳ ಹಿಂದಿನ ಮಾತು. ನಾನು ಪಾಠ ಹೇಳುತ್ತಿದ್ದ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಒಂದು ಭಾನುವಾರ ನಾಲ್ವರು ಹುಡುಗರು ಇಸ್ಪೀಟು ಆಡುತ್ತ ಸಿಕ್ಕಿಬಿದ್ದರು. ಹಣದ ಸುಳಿವೇ ಅಲ್ಲಿರಲಿಲ್ಲ. ಮಂಚದ ಮೇಲೆ ಒಂದು ಕಟ್ಟು ಎಲೆ, ಒಂದು ಪೆನ್ಸಿಲು, ಅಂಕಗಳನ್ನು ಗೀಚಿದ ಒಂದು ಹಾಳೆ, ಇಷ್ಟೇ ಇದ್ದುದು. ಆದರೂ ಎಲೆಗಳು ಜಪ್ತಿಯಾದವು. ಹುಡುಗರ ತಂದೆತಾಯಿಗಳಿಗೆ ಕಾಗದ ಹೋಯಿತು. ಕೆಟ್ಟ ಚಟಗಳನ್ನು ಕುರಿತು ಒಂದು ಗಂಟೆಯ ಉಪದೇಶವೂ ನಡೆಯಿತು. ಆ ಉಪದೇಶ ನಡೆದ ಕೊಠಡಿಯ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಬಣ್ಣದಿಂದ ಚಿತ್ರಿಸಿದ ಹತ್ತು ದುಂಡು ಎಲೆಗಳಿದ್ದವು. ಅವು ಮೈಸೂರು ಗಂಜೀಫಾದ ಎಲೆಗಳು: ಮತ್ಸ್ಯದಿಂದ ಕಲ್ಕಿಯವರೆಗೆ ದಶಾವತಾರಗಳ ಹತ್ತು ರಾಜರು. ಅವೂ ಕೂಡ ಇಸ್ಪೀಟಿನಂತೆ ಕಲಸಿ, ಹಂಚಿ, ಆಡುವುದಕ್ಕಾಗಿಯೇ ಹುಟ್ಟಿದ ಎಲೆಗಳೆಂಬುದು ಅಲ್ಲಿದ್ದ ಯಾರಿಗೂ ಹೊಳೆದಂತೆ ತೋರಲಿಲ್ಲ.

ಗೋಡೆಯ ಮೇಲಿದ್ದರೆ ಪರಂಪರೆ, ಕೈಯಲ್ಲಿದ್ದರೆ ದುಶ್ಚಟ! ಈ ಇಬ್ಬಗೆಯ ನೋಟದಿಂದ ನಾವು ಕಳೆದುಕೊಳ್ಳುತ್ತಿರುವುದೇನು ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಅಂದಿನಿಂದಲೂ ಯೋಚಿಸುತ್ತಿದ್ದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಲೆಯಾಟವೆಂದರೆ ಎಲೆಯಲ್ಲ, ಆಟ. ಕಾಗದವೂ ಬಣ್ಣವೂ ಅದರ ದೇಹ ಮಾತ್ರ, ಜೀವವಿರುವುದು ನಿಯಮಗಳಲ್ಲಿ. ನಿಯಮಗಳೋ ಆಡುವವರ ನಡುವೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿ ಬರತಕ್ಕವು. ಆಡುವವರು ಇಲ್ಲವಾದರೆ ವಸ್ತುಸಂಗ್ರಹಾಲಯದಲ್ಲಿ ಎಷ್ಟೇ ಜೋಪಾನವಾಗಿ ಇಟ್ಟರೂ ಎಲೆಗಳು ಮೂಕವಾಗಿಬಿಡುತ್ತವೆ.

ಇದು ಉತ್ಪ್ರೇಕ್ಷೆಯಲ್ಲ. ಇಸ್ತಾಂಬುಲ್ ನಗರದ ತೋಪ್‌ಕಾಪಿ ಅರಮನೆಯಲ್ಲಿ ಸುಮಾರು 500 ವರ್ಷಗಳಷ್ಟು ಹಳೆಯ ಒಂದು ಕಟ್ಟು ಎಲೆ ಉಂಟು. ಎಲ್. ಎ. ಮೇಯರ್ ಎಂಬ ವಿದ್ವಾಂಸರು 1931ರಲ್ಲಿ ಅದನ್ನು ಗುರುತಿಸಿದರು. ಈಜಿಪ್ತನ್ನು ಆಳಿದ ಮಮ್ಲೂಕರ ಕಾಲದ ಎಲೆಗಳವು. ಬಟ್ಟಲು, ನಾಣ್ಯ, ಕತ್ತಿ, ಪೋಲೋ ಆಟದ ಕೋಲು ಎಂಬ ನಾಲ್ಕು ಪಂಗಡಗಳು; ಪಂಗಡಕ್ಕೆ 13ರಂತೆ ಒಟ್ಟು 52. ಇಂದು ನಮ್ಮ ಪೇಟೆಯ ಅಂಗಡಿಯಲ್ಲಿ ಸಿಕ್ಕುವ ಕಟ್ಟಿನಲ್ಲಿಯೂ 52 ಎಲೆಗಳೇ ಎಂಬುದನ್ನು ನೆನೆದರೆ ಇದು ಎಂಥ ಅಮೂಲ್ಯ ದಾಖಲೆಯೆಂಬುದು ತಿಳಿದೀತು. ಅಲ್ಲಿ ರಾಣಿಯಿಲ್ಲ, ರಾಜನ ಕೆಳಗೆ ನಾಯಿಬ್ ಎಂಬ ಪ್ರತಿನಿಧಿ, ಅವನ ಕೆಳಗೆ ಎರಡನೆಯ ನಾಯಿಬ್. ಸ್ಪ್ಯಾನಿಷ್ ಭಾಷೆಯಲ್ಲಿ ಎಲೆಗಳಿಗೆ ‘ನೈಪೆಸ್’ ಎಂಬ ಹೆಸರು ಬಂದದ್ದು ಈ ನಾಯಿಬನಿಂದಲೇ ಎಂದು ಬಹುಮಟ್ಟಿಗೆ ಒಪ್ಪಲಾಗಿದೆ. ಇಷ್ಟೆಲ್ಲ ಇದ್ದರೂ ಆ ಎಲೆಗಳಿಂದ ಆಡುತ್ತಿದ್ದ ಆಟದ ನಿಯಮಗಳು ಮಾತ್ರ ಉಳಿದುಬಂದಿಲ್ಲ. ಚಿನ್ನದ ಲೇಪವಿರುವ ಎಲೆ ನಮ್ಮ ಮುಂದಿದೆ; ಅದನ್ನು ಹಿಡಿದು ಏನು ಮಾಡಬೇಕೆಂಬುದು ಹೋಯಿತು.

ನಿಯಮಗಳು ಉಳಿದ ಕಡೆಗಳಲ್ಲಾದರೋ ಅವು ಚರಿತ್ರೆಯನ್ನೇ ಬಿಚ್ಚಿ ಹೇಳುತ್ತವೆ. ಹೇಗೆಂದರೆ, ನಮ್ಮ ದಶಾವತಾರ ಗಂಜೀಫಾವನ್ನೇ ತೆಗೆದುಕೊಳ್ಳಿ. ಹತ್ತು ಪಂಗಡಗಳು, ಒಂದೊಂದರಲ್ಲಿಯೂ ರಾಜ, ಮಂತ್ರಿ, ಮತ್ತು 1ರಿಂದ 10ರವರೆಗಿನ ಎಲೆಗಳು, ಒಟ್ಟು 120. ಮೊಗಲರ ಗಂಜೀಫಾದಲ್ಲಿ ಎಂಟು ಪಂಗಡ, 96 ಎಲೆ. ಎರಡರಲ್ಲಿಯೂ ಒಂದು ವಿಚಿತ್ರವಾದ ನಿಯಮವಿದೆ. ಅರ್ಧದಷ್ಟು ಪಂಗಡಗಳಲ್ಲಿ ಮಂತ್ರಿಯ ನಂತರ 10 ದೊಡ್ಡದು, 1 ಎಲ್ಲಕ್ಕಿಂತ ಚಿಕ್ಕದು. ಉಳಿದರ್ಧ ಪಂಗಡಗಳಲ್ಲಿ ಇದು ತಲೆಕೆಳಗು: ಮಂತ್ರಿಯ ನಂತರ 1 ದೊಡ್ಡದು, 10 ಎಲ್ಲಕ್ಕಿಂತ ಚಿಕ್ಕದು. ಹೊಸದಾಗಿ ಕಲಿಯುವವನಿಗೆ ಇದೊಂದು ಕಿರಿಕಿರಿ. ಯಾವ ಉಪಯೋಗಕ್ಕಾಗಿ ಹೀಗೆ ಮಾಡಿದರು ಎಂದು ಕೇಳಿದರೆ ತೃಪ್ತಿಕರವಾದ ಉತ್ತರ ದೊರೆಯದು.

ಈಗ ಚೀನಕ್ಕೆ ಹೋಗೋಣ. ಮಿಂಗ್ ವಂಶದ ಕಾಲದಲ್ಲಿ ಅಲ್ಲಿ ಬಹಳ ಪ್ರಚಾರದಲ್ಲಿದ್ದ ‘ಮಾ-ದಿಯಾವೊ’ ಎಂಬ ಆಟದಲ್ಲಿ ನಾಣ್ಯದ ಪಂಗಡವೊಂದರಲ್ಲಿ ಎಲೆಗಳ ಕ್ರಮ ತಲೆಕೆಳಗು. ಅಲ್ಲಿಂದ ಯೂರೋಪಿಗೆ ಬನ್ನಿ. ಸ್ಪೇನಿನ ಹಳೆಯ ‘ಓಂಬ್ರೆ’ ಆಟದಲ್ಲಿಯೂ ಇಟಲಿಯ ಹಳೆಯ ತಾರೋಕ್ಕಿ ಆಟಗಳಲ್ಲಿಯೂ ಕತ್ತಿ, ಕೋಲುಗಳ ಪಂಗಡದಲ್ಲಿ ದೊಡ್ಡ ಸಂಖ್ಯೆ ದೊಡ್ಡದು. ಬಟ್ಟಲು, ನಾಣ್ಯಗಳ ಪಂಗಡದಲ್ಲಿ ಚಿಕ್ಕ ಸಂಖ್ಯೆಯೇ ದೊಡ್ಡದು. ಮೂರು ನಾಡುಗಳಲ್ಲಿ ಒಂದೇ ಬಗೆಯ ಕಿರಿಕಿರಿ!

ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಪರಿಚಿತ ತರ್ಕ ಕಾಣಿಸಬೇಕು. ಮೀನಿಗೂ ತಿಮಿಂಗಿಲಕ್ಕೂ ದೇಹದ ಆಕಾರ ಒಂದೇ ತೆರನಾಗಿದೆಯೆಂದು ಅವು ನೆಂಟರಾಗವು. ನೀರಿನಲ್ಲಿ ಈಜಬೇಕಾದ ಯಾವ ಪ್ರಾಣಿಗೂ ಆ ಆಕಾರ ಅನುಕೂಲ. ಆದರೆ ಕಾಲೇ ಇಲ್ಲದ ತಿಮಿಂಗಿಲದ ದೇಹದೊಳಗೆ ಸೊಂಟದ ಮೂಳೆಯ ಅವಶೇಷ ಹುದುಗಿದೆಯಲ್ಲ, ಅದು ನೆಲದ ಮೇಲೆ ನಡೆದಾಡುತ್ತಿದ್ದ ಪೂರ್ವಜರಿಗೆ ಸಾಕ್ಷಿ. ಉಪಯುಕ್ತವಾದದ್ದನ್ನು ಇಬ್ಬರು ಬೇರೆ ಬೇರೆಯಾಗಿ ಕಂಡುಹಿಡಿಯಬಹುದು. ನಿರುಪಯುಕ್ತವಾದ ವೈಚಿತ್ರ್ಯ ಇಬ್ಬರಲ್ಲಿಯೂ ಇದ್ದರೆ ಒಂದೇ ಮನೆಯಿಂದ ಬಂದಿರಬೇಕೆಂದು ಊಹಿಸುವುದು ನ್ಯಾಯ. ಎಲೆಗಳ ಚಿತ್ರಗಳನ್ನು ನೋಡಿದರೆ ಚೀನದ ಉದ್ದನೆಯ ಚೀಟಿಗೂ ಮೈಸೂರಿನ ದುಂಡು ಎಲೆಗೂ ಯಾವ ಸಂಬಂಧವೂ ತೋರದು. ಸಂಬಂಧ ತೋರುವುದು ನಿಯಮದಲ್ಲಿ. ಆ ನಿಯಮವನ್ನು ಬಲ್ಲ ಕೊನೆಯ ಅಜ್ಜ ತೀರಿಕೊಂಡರೆ ಸಾಕ್ಷಿಯೂ ಅವನೊಡನೆಯೇ ಹೋದಂತೆ.

ಇನ್ನು ಆ ನಾಲ್ವರು ಹುಡುಗರು ಆಡುತ್ತಿದ್ದ ಆಟ ಯಾವುದು? ‘ಇಪ್ಪತ್ತೆಂಟು’. ಕೇರಳದಲ್ಲಿ ಮನೆಮನೆಯ ಆಟ. ನಮ್ಮ ಕರಾವಳಿಯವರೂ ಬಲ್ಲರು. 32 ಎಲೆಗಳ ಈ ಆಟದಲ್ಲಿ ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1; ಪಂಗಡಕ್ಕೆ ಏಳರಂತೆ ನಾಲ್ಕು ಪಂಗಡಕ್ಕೆ 28. ಎಲೆಗಳ ಕ್ರಮ ಹೀಗೆ: ಗುಲಾಮ, ಒಂಬತ್ತು, ಎಕ್ಕ, ಹತ್ತು, ರಾಜ, ರಾಣಿ, ಎಂಟು, ಏಳು. ರಾಜನನ್ನು ಕೆಳಗಿಳಿಸಿ ಗುಲಾಮನನ್ನು ಪಟ್ಟಕ್ಕೇರಿಸಿದ ಈ ಕ್ರಾಂತಿ ಎಲ್ಲಿಂದ ಬಂತು? ಹಾಲೆಂಡಿನವರ ‘ಕ್ಲಾವರ್‌ಯಾಸ್’ ಆಟದಲ್ಲಿ ತುರುಫಿನ ಪಂಗಡದ ಕ್ರಮವನ್ನು ನೋಡಿ: ಗುಲಾಮ, ಒಂಬತ್ತು, ಎಕ್ಕ, ಹತ್ತು, ರಾಜ, ರಾಣಿ, ಎಂಟು, ಏಳು. ಫ್ರಾನ್ಸಿನ ‘ಬೆಲೋತ್’ ಆಟದಲ್ಲಿಯೂ ಇದೇ. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಆಟವೆನ್ನಬಹುದಾದ ‘ಯಾಸ್’ನಲ್ಲಿಯೂ ತುರುಫಿನ ಗುಲಾಮನೂ ಒಂಬತ್ತೂ ಮೊದಲೆರಡು ಸ್ಥಾನದಲ್ಲಿವೆ.

ಎಂಟು ಎಲೆಗಳನ್ನು 40,320 ಬಗೆಯಲ್ಲಿ ಕ್ರಮಪಡಿಸಬಹುದು. ಆದ್ದರಿಂದ ಈ ಹೊಂದಾಣಿಕೆ ಆಕಸ್ಮಿಕವಾಗಿರುವ ಸಂಭವ 40,320ರಲ್ಲಿ ಒಂದು ಎಂದು ಅವಸರದ ವಿದ್ಯಾರ್ಥಿ ಬರೆದುಬಿಡುತ್ತಾನೆ. ಅದು ಸರಿಯಲ್ಲ. ಎಕ್ಕ, ಹತ್ತು, ರಾಜ, ರಾಣಿ ಎಂಬ ಕ್ರಮ ಯೂರೋಪಿನ ಹಲವು ಆಟಗಳಲ್ಲಿ ಸಾಮಾನ್ಯ; ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಗುಲಾಮನೂ ಒಂಬತ್ತೂ ಮೊದಲೆರಡು ಸ್ಥಾನಕ್ಕೆ ಬಂದದ್ದನ್ನು ಮಾತ್ರ ಹಿಡಿದರೆ 56ರಲ್ಲಿ ಒಂದು. ಮನುಷ್ಯರು ಕಣ್ಣುಮುಚ್ಚಿ ನಿಯಮಗಳನ್ನು ಮಾಡುವುದಿಲ್ಲವಾದ್ದರಿಂದ ಇದೂ ಸ್ಥೂಲವಾದ ಅಂದಾಜೇ. ಅದರೊಡನೆ 1663ರಿಂದ 1795ರವರೆಗೆ ಡಚ್ಚರು ಕೊಚ್ಚಿಯಲ್ಲಿದ್ದರೆಂಬ ಸಂಗತಿಯನ್ನು ಸೇರಿಸಿದರೆ, ಇವೆಲ್ಲ ಒಂದೇ ವಂಶದ ಆಟಗಳೆಂದು ನಂಬಲು ನನಗೇನೂ ಸಂಕೋಚವಿಲ್ಲ. ವಿದ್ಯಾರ್ಥಿನಿಲಯದ ಮಂಚದ ಮೇಲೆ ಕುಳಿತ ಆ ಹುಡುಗರು ತಮಗರಿಯದೆಯೇ ಸಮುದ್ರಯಾನದ ಒಂದು ಚರಿತ್ರೆಯನ್ನು ಆಡುತ್ತಿದ್ದರು. ಅವರಿಗೆ ಸಿಕ್ಕಿದ್ದು ಒಂದು ಗಂಟೆಯ ಉಪದೇಶ.

ನಿಯಮವನ್ನು ಮರೆತು ಚಿತ್ರವನ್ನು ಮಾತ್ರ ಇಟ್ಟುಕೊಂಡವರ ಗತಿ ಏನಾಗುತ್ತದೆಂಬುದಕ್ಕೆ ತಾರೋ ಎಲೆಗಳು ಒಳ್ಳೆಯ ನಿದರ್ಶನ. 78 ಎಲೆಗಳ ಈ ಕಟ್ಟು ಉತ್ತರ ಇಟಲಿಯಲ್ಲಿ 15ನೆಯ ಶತಮಾನದ ಮೊದಲರ್ಧದಲ್ಲಿ ಹುಟ್ಟಿತು. ಸೂರ್ಯ, ಚಂದ್ರ, ಮೃತ್ಯು, ಗೋಪುರ ಮೊದಲಾದ ಚಿತ್ರಗಳಿರುವ ಅದರ 21 ಎಲೆಗಳು ತುರುಫುಗಳು; ಬೇರೆ ಪಂಗಡಗಳ ಎಲೆಗಳನ್ನು ಕಡಿಯುವುದೇ ಅವುಗಳ ಕೆಲಸ. ಇಂಗ್ಲಿಷಿನ ‘ಟ್ರಂಪ್’ ಎಂಬ ಶಬ್ದ ಕೂಡ ಇವುಗಳ ಇಟಾಲಿಯನ್ ಹೆಸರಾದ ‘ತ್ರಿಯೊನ್ಫಿ’ಯ ನೆಂಟ. ಆದರೆ 1781ರಲ್ಲಿ ಕೂರ್ ದ ಜೆಬೆಲಾಂ ಎಂಬ ಫ್ರೆಂಚ್ ಲೇಖಕನು, ಇವು ಪ್ರಾಚೀನ ಈಜಿಪ್ತಿನ ಅರ್ಚಕರ ರಹಸ್ಯ ಗ್ರಂಥದ ಪುಟಗಳೆಂದು ಯಾವ ಆಧಾರವೂ ಇಲ್ಲದೆ ಬರೆದನು. ಆಟ ತಿಳಿಯದ ನಾಡುಗಳಲ್ಲಿ ಆ ಕಥೆ ಬೇರೂರಿತು. ಇಂದು ಬೆಂಗಳೂರಿನಲ್ಲಿಯೂ ತಾರೋ ಎಂದರೆ ಭವಿಷ್ಯ ಹೇಳುವ ಎಲೆಯೆಂದೇ ಜನ ತಿಳಿದಿದ್ದಾರೆ. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಮೈಕೆಲ್ ಡಮ್ಮೆಟ್ 1980ರಲ್ಲಿ ದೊಡ್ಡದೊಂದು ಗ್ರಂಥವನ್ನೇ ಬರೆದು, ಈ ಎಲೆಗಳು ಮೂರು ಶತಮಾನಗಳಿಗೂ ಹೆಚ್ಚು ಕಾಲ ಕೇವಲ ಆಟದ ಎಲೆಗಳಾಗಿದ್ದವೆಂದು ತೋರಿಸಿಕೊಟ್ಟರು. ಫ್ರಾನ್ಸಿನಲ್ಲಿ ಇಂದಿಗೂ ಊಟದ ನಂತರ ತಾರೋ ಆಡುವವರು ಬಹಳ ಮಂದಿ. ಅವರಿಗೆ ಆ ‘ಮೃತ್ಯು’ ಎಲೆಯಿಂದ ಯಾವ ಭಯವೂ ಇಲ್ಲ, 12ನ್ನು ಹೊಡೆಯುವ 13 ಅದು, ಅಷ್ಟೇ.

ಆಟವನ್ನು ಗಂಭೀರವಾಗಿ ಕಂಡವರೂ ಉಂಟು. ಜರ್ಮನಿಯ ಆಲ್ಟೆನ್‌ಬುರ್ಗ್ ಎಂಬ ಊರಿನಲ್ಲಿ 19ನೆಯ ಶತಮಾನದ ಆರಂಭದಲ್ಲಿ ರೂಪುಗೊಂಡ ‘ಸ್ಕಾಟ್’ ಆಟಕ್ಕೆ 1886ರಲ್ಲಿ ಅದೇ ಊರಿನಲ್ಲಿ ಸಮ್ಮೇಳನ ಕೂಡಿಸಿ ನಿಯಮಗಳನ್ನು ಗೊತ್ತುಪಡಿಸಿದರು. ಆಟದ ವ್ಯಾಜ್ಯಗಳನ್ನು ತೀರಿಸಲು ಅಲ್ಲಿ ಒಂದು ಸ್ಕಾಟ್ ನ್ಯಾಯಮಂಡಲಿಯೂ ಏರ್ಪಟ್ಟಿತು. ಜಪಾನಿನ ‘ಹಾನಾಫುಡಾ’ ಇನ್ನೊಂದು ಬಗೆ. ಪೋರ್ಚುಗೀಸರು ತಂದ ಎಲೆಗಳನ್ನು ಸರ್ಕಾರ ಮತ್ತೆ ಮತ್ತೆ ನಿಷೇಧಿಸುತ್ತಿದ್ದ ಕಾಲದಲ್ಲಿ ಸಂಖ್ಯೆಗಳೇ ಇಲ್ಲದ, ತಿಂಗಳಿಗೊಂದು ಹೂವು ಗಿಡದ ಚಿತ್ರವುಳ್ಳ 48 ಎಲೆಗಳು ಬಳಕೆಗೆ ಬಂದವು. 1889ರಲ್ಲಿ ಕ್ಯೋಟೋ ನಗರದಲ್ಲಿ ಈ ಎಲೆಗಳನ್ನು ತಯಾರಿಸಲು ಪ್ರಾರಂಭವಾದ ಅಂಗಡಿಯ ಹೆಸರು ನಿಂಟೆಂಡೊ. ಹೌದು, ವಿಡಿಯೋ ಆಟಗಳ ನಿಂಟೆಂಡೊ ಅದೇ.

ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಎಲೆಯಾಟಗಳಲ್ಲಿ ತೋರಿದ ಆಸಕ್ತಿ ಅಸಾಧಾರಣವಾದುದು. ಹಳೆಯ ಗಂಜೀಫಾದಿಂದ ತೃಪ್ತರಾಗದೆ ‘ಚದ’ ಎಂಬ ಹೆಸರಿನ ಹಲವು ಹೊಸ ಆಟಗಳನ್ನು ಅವರು ಕಲ್ಪಿಸಿದರು. ಅವುಗಳಲ್ಲಿ ಅತಿ ದೊಡ್ಡದಕ್ಕೆ 360 ಎಲೆಗಳು! ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಈ ಆಟಗಳ ವಿವರಗಳಿವೆ. ಅಂದರೆ, ತೋಪ್‌ಕಾಪಿಯ ಎಲೆಗಳಿಗಿಲ್ಲದ ಭಾಗ್ಯ ನಮ್ಮವಕ್ಕೆ ಇದೆ. ಆದರೂ ಚದವನ್ನು ಆಡುವವರು ಎಲ್ಲಿ? ಮೈಸೂರು ಗಂಜೀಫಾಕ್ಕೆ ಇಂದು ಭೌಗೋಳಿಕ ಸೂಚಿಯ ಮಾನ್ಯತೆಯುಂಟು. ಕಲಾವಿದರು ಕೂದಲೆಳೆಯಂಥ ಕುಂಚದಿಂದ ಅದನ್ನು ಚಿತ್ರಿಸುತ್ತಾರೆ. ಕೊಂಡವರು ಚೌಕಟ್ಟು ಹಾಕಿಸುತ್ತಾರೆ. ಚಿತ್ರಕಾರರ ಮೇಲೆ ನನ್ನ ದೂರಿಲ್ಲ, ಅವರು ತಮ್ಮ ಪಾಲಿನದನ್ನು ಉಳಿಸಿದ್ದಾರೆ. ಒಡಿಶಾದ ಕೆಲವು ಊರುಗಳಲ್ಲಿ ಹಿರಿಯರು ಗಂಜಪಾ ಎಂಬ ಹೆಸರಿನಲ್ಲಿ ಇದನ್ನು ಆಡುತ್ತಾರೆ. ನಮ್ಮಲ್ಲಿ ಗೋಡೆಗೆ ತೂಗುಹಾಕುತ್ತೇವೆ.

ಉಪದೇಶದ ಪ್ರಕರಣ ನಡೆದ ಮರುವಾರ ನಾನು ಒಂದು ಸಣ್ಣ ಸಾಹಸ ಮಾಡಿದೆ. ಆರೇಳು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ಸ್ಟೀಲಿನ ಲೋಟವನ್ನು ರಟ್ಟಿನ ಮೇಲೆ ಬೋರಲು ಹಾಕಿ ಗೆರೆ ಎಳೆದು, 120 ಬಿಲ್ಲೆಗಳನ್ನು ಕತ್ತರಿಸಿದೆವು. ಮೀನು, ಆಮೆ, ಕೊಡಲಿ, ಬಾಣ, ಕುದುರೆ ಎಂದು ತೋಚಿದ ಗುರುತುಗಳನ್ನು ಬರೆದೆವು. ಪುಸ್ತಕಗಳಲ್ಲಿ ವಿವರಿಸಿರುವ ದಶಾವತಾರದ ಕ್ರಮವನ್ನು ಓದಿಕೊಂಡು ಆಟಕ್ಕೆ ಕುಳಿತೆವು. ಮೂವರು ಆಟಗಾರರು, ಒಬ್ಬೊಬ್ಬರಿಗೆ 40 ಎಲೆ. ಒಬ್ಬನು ಒಂದು ಎಲೆಯನ್ನು ಇಳಿಸುತ್ತಾನೆ, ಉಳಿದಿಬ್ಬರು ಒಂದೊಂದು ಹಾಕುತ್ತಾರೆ. ಇಳಿಸಿದ ಪಂಗಡದಲ್ಲಿ ದೊಡ್ಡದನ್ನು ಹಾಕಿದವನಿಗೆ ಆ ಸುತ್ತು. ತುರುಫು ಇಲ್ಲವೇ ಇಲ್ಲ. ಆದ್ದರಿಂದ ಆಟವೆಲ್ಲ ನಿಂತಿರುವುದು ನೆನಪಿನ ಮೇಲೆ: ಯಾವ ಪಂಗಡದಲ್ಲಿ ಯಾವ ಎಲೆ ಬಿದ್ದುಹೋಯಿತು, ಈಗ ಉಳಿದವುಗಳಲ್ಲಿ ದೊಡ್ಡದು ಯಾವುದು? ಹತ್ತು ಪಂಗಡಗಳಿಗೆ ಹತ್ತು ಲೆಕ್ಕ, ಅರ್ಧ ನೆಟ್ಟಗೆ, ಅರ್ಧ ತಲೆಕೆಳಗು. ಹಗಲಿನಲ್ಲಾದರೆ ರಾಮನ ರಾಜ ಯಾರಲ್ಲಿದೆಯೋ ಅವನು ಆಟವನ್ನು ಆರಂಭಿಸಬೇಕು. ರಾತ್ರಿಯಾದರೆ ಕೃಷ್ಣನ ರಾಜ. ನಾವು ಕುಳಿತದ್ದು ಸರಿಯಾಗಿ ಸಂಜೆಯ ಹೊತ್ತಿನಲ್ಲಿ. ಅದು ಹಗಲೋ ರಾತ್ರಿಯೋ ಎಂಬ ಚರ್ಚೆಯಲ್ಲಿಯೇ ಹತ್ತು ನಿಮಿಷ ಕಳೆದು, ಕೊನೆಗೆ ಕತ್ತಲಾಗಿ ಸಮಸ್ಯೆ ತಾನಾಗಿ ಬಗೆಹರಿಯಿತು.

ಮೊದಲ ದಿನ ಯಾರಿಗೂ ಏನೂ ನೆನಪು ನಿಲ್ಲಲಿಲ್ಲ. ನಾಲ್ಕನೆಯ ದಿನ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ಒಂದು ಪಂಗಡದ ರಾಜನೂ ಮಂತ್ರಿಯೂ ನನ್ನ ಕೈಗೇ ಬರುವ ಸಂಭವ ಎಷ್ಟು?” ರಾಜ ಬರುವ ಸಂಭವ 120ಕ್ಕೆ 40. ಬಂದ ಮೇಲೆ ಮಂತ್ರಿ ಬರುವುದು 119ಕ್ಕೆ 39. ಗುಣಿಸಿದರೆ ಸುಮಾರು 0.109. ಹತ್ತು ಪಂಗಡಗಳಿರುವುದರಿಂದ ಸರಾಸರಿಯಾಗಿ ಒಂದು ಹಂಚಿಕೆಗೆ ಒಂದಕ್ಕಿಂತ ತುಸು ಹೆಚ್ಚು ಜೋಡಿ ಪ್ರತಿಯೊಬ್ಬನಿಗೂ ಬರುತ್ತದೆ. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ನಾನು ಎಷ್ಟೋ ಸಲ ಬೇರೆ ರೂಪದಲ್ಲಿ ಬರೆದಿದ್ದೇನೆ, ಚೀಲದೊಳಗಿನ ಕೆಂಪು ಬಿಳಿ ಚೆಂಡುಗಳನ್ನು ಮುಂದಿಟ್ಟುಕೊಂಡು. ಯಾರೂ ಎಂದೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಆ ಚೆಂಡುಗಳು ಯಾರಿಗೆ ಬೇಕು?

ಕಲಸುವ ವಿಷಯವೂ ಹಾಗೆಯೇ. 52 ಎಲೆಗಳನ್ನು ಎರಡು ಭಾಗ ಮಾಡಿ ಒಂದರೊಳಗೊಂದು ಸೇರುವಂತೆ ಉದುರಿಸಿ ಕಲಸಿದರೆ, ಸುಮಾರು ಏಳು ಸಲ ಕಲಸಿದ ಮೇಲೆ ಹಿಂದಿನ ಕ್ರಮದ ಗುರುತು ಅಳಿಸಿಹೋಗುತ್ತದೆಂದು ಬೇಯರ್ ಮತ್ತು ಡಯಾಕೊನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದರು. ರಟ್ಟಿನ ದುಂಡು ಬಿಲ್ಲೆಗಳಿಗೆ ಈ ಉಪಾಯ ನಡೆಯದು. ಜಮಖಾನದ ಮೇಲೆ ಹರಡಿ ಎರಡು ಕೈಗಳಿಂದ ಕಲಸಬೇಕು. ಎಷ್ಟು ಹೊತ್ತು ಕಲಸಿದರೆ ಸಾಕು? ಉಷ್ಣಗತಿ ವಿಜ್ಞಾನದ ಪಾಠದಲ್ಲಿ ಅವ್ಯವಸ್ಥೆಯ ಅಳತೆಯನ್ನು ಕುರಿತು ನಾನು ಹೇಳಬೇಕಾದದ್ದೆಲ್ಲ ಆ ಜಮಖಾನದ ಮೇಲೆಯೇ ಇತ್ತು. 120 ಎಲೆಗಳ ಕ್ರಮಗಳ ಸಂಖ್ಯೆಯನ್ನು ಬರೆಯಲು 199 ಅಂಕಿಗಳು ಬೇಕು.

“ಇವೆಲ್ಲ ಸರಿ, ಆದರೆ ಎಲೆ ಹಿಡಿದ ಕೈ ನಾಳೆ ಜೇಬಿಗೆ ಹೋಗುವುದಿಲ್ಲವೇ?” ಎಂದು ಕೇಳುವವರಿದ್ದಾರೆ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜೂಜಿನಿಂದ ಬೀದಿಗೆ ಬಿದ್ದ ಸಂಸಾರಗಳನ್ನು ಎಲ್ಲರೂ ನೋಡಿದ್ದೇವೆ. ಆದರೆ ಜೂಜು ಯಾವುದು, ಆಟ ಯಾವುದು ಎಂದು ವಿಂಗಡಿಸುವುದನ್ನು ಕಲಿಸಬೇಕಾದವರು ನಾವೇ ಅಲ್ಲವೇ? ಪತ್ರಿಕೆಗಳಲ್ಲಿ ಆಗಾಗ ಓದುವ ‘ಅಂದರ್-ಬಾಹರ್’ ಆಟವನ್ನು ನೋಡಿ. ಒಂದು ಎಲೆಯನ್ನು ತೆರೆದಿಟ್ಟು, ಅದೇ ಬೆಲೆಯ ಇನ್ನೊಂದು ಎಲೆ ಬರುವವರೆಗೆ ಒಳಗೆ, ಹೊರಗೆ ಎಂದು ಎರಡು ಕಡೆಗೂ ಒಂದೊಂದಾಗಿ ಎಲೆ ಹಾಕುತ್ತ ಹೋಗುತ್ತಾರೆ. ಉಳಿದ 51 ಎಲೆಗಳಲ್ಲಿ ಅದೇ ಬೆಲೆಯವು ಮೂರು. ಆ ಮೂರು ಎಲೆಗಳು ಕಟ್ಟಿನಲ್ಲಿ 20,825 ಬಗೆಯ ಸ್ಥಾನಗಳಲ್ಲಿರಬಹುದು. ಅವುಗಳಲ್ಲಿ ಮೊದಲು ಬರುವ ಎಲೆ 1, 3, 5 ಮುಂತಾದ ಬೆಸ ಸ್ಥಾನದಲ್ಲಿರುವುದು 10,725 ಬಗೆಗಳಲ್ಲಿ. ಅಂದರೆ ಮೊದಲ ಎಲೆ ಯಾವ ಕಡೆಗೆ ಬೀಳುತ್ತದೆಯೋ ಆ ಕಡೆ ಗೆಲ್ಲುವ ಸಂಭವ 0.515, ಇನ್ನೊಂದು ಕಡೆಗೆ 0.485. ಆಡುವವನು ತೀರ್ಮಾನಿಸಬೇಕಾದದ್ದು ಇನ್ನೇನೂ ಇಲ್ಲ. ಬುದ್ಧಿಗೆ ಕೆಲಸವೇ ಇಲ್ಲದ ಇದರಲ್ಲಿ ಹಣವನ್ನು ತೆಗೆದರೆ ಉಳಿಯುವುದು ಬರಿಯ ಬೇಸರ. ಹಣವಿಲ್ಲದೆಯೂ ಆಡಬೇಕೆನ್ನಿಸುವುದು ಆಟ. ಹಣವಿಲ್ಲದೆ ಯಾರೂ ಮುಟ್ಟದಿರುವುದು ಜೂಜು. ನಾನು ವಿಂಗಡಿಸುವುದು ಹೀಗೆ.

ನ್ಯಾಯಾಲಯಗಳು ಬೇರೆ ದಾರಿ ಹಿಡಿದಿವೆ. ರಮ್ಮಿ ಬಹುಮಟ್ಟಿಗೆ ಕೌಶಲದ ಆಟ, ಮೂರೆಲೆಯಂತೆ ಕೇವಲ ಅದೃಷ್ಟದ್ದಲ್ಲ ಎಂದು ಸುಪ್ರೀಂ ಕೋರ್ಟು 1967ರಲ್ಲಿಯೇ ಹೇಳಿತು. ಆ ಮಾತಿನ ನೆರಳಿನಲ್ಲಿ ಅಂತರ್ಜಾಲದ ರಮ್ಮಿ ಬೆಳೆದ ಬಗೆಯನ್ನು ಕಂಡವರು, ಕೌಶಲವಿದ್ದ ಮಾತ್ರಕ್ಕೆ ಹಾನಿ ತಪ್ಪದೆಂದು ಒಪ್ಪುತ್ತಾರೆ. ಅಂತರ್ಜಾಲದಲ್ಲಿ ಹಣವಿಟ್ಟು ಆಡುವ ಆಟಗಳನ್ನು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಅದಕ್ಕೆ ನನ್ನ ವಿರೋಧವಿಲ್ಲ. ನನ್ನ ವಿರೋಧವಿರುವುದು ಪೆನ್ಸಿಲು ಮತ್ತು ಹಾಳೆಯ ಮುಂದೆ ಕುಳಿತ ಹುಡುಗರನ್ನೂ ಅದೇ ಪಟ್ಟಿಗೆ ಸೇರಿಸುವುದಕ್ಕೆ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆಯುಂಟು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯರನ್ನು, ಅಜ್ಜಿಯರನ್ನು ಮರೆಯದೆ, ಅವರು ಚಿಕ್ಕಂದಿನಲ್ಲಿ ಆಡುತ್ತಿದ್ದ ಎಲೆಯಾಟ ಯಾವುದೆಂದು ಕೇಳಿ ಬರೆದುಕೊಳ್ಳಿರಿ. ಎಷ್ಟು ಮಂದಿ, ಎಷ್ಟು ಎಲೆ, ಹಂಚುವುದು ಬಲಕ್ಕೋ ಎಡಕ್ಕೋ, ಎಲೆಗಳ ಕ್ರಮವೇನು, ಅಂಕವೇನು, ತಪ್ಪಿದರೆ ದಂಡವೇನು? ಅರ್ಥವಿಲ್ಲದ್ದೆಂದು ತೋರುವ ನಿಯಮಗಳನ್ನು ವಿಶೇಷವಾಗಿ ಬರೆದುಕೊಳ್ಳಿರಿ, ಅವೇ ಬೆಲೆಯುಳ್ಳವು. ನೆರೆಯ ಊರಿನ ನಿಯಮ ಬೇರೆಯಾಗಿದ್ದರೆ ಯಾವುದು ಸರಿ ಎಂದು ಜಗಳವಾಡದೆ ಎರಡನ್ನೂ ಬರೆಯಿರಿ. ಬರೆದ ಮೇಲೆ ಅವರೊಡನೆ ಕುಳಿತು ಹತ್ತು ಸಲವಾದರೂ ಆಡಿರಿ, ಏಕೆಂದರೆ ಹೇಳುವಾಗ ಮರೆತದ್ದು ಆಡುವಾಗ ನೆನಪಿಗೆ ಬರುತ್ತದೆ.

ನಮ್ಮ ರಟ್ಟಿನ ಗಂಜೀಫಾ ಭೌತವಿಜ್ಞಾನ ವಿಭಾಗದ ಬೀರುವಿನಲ್ಲಿ, ಹಳೆಯ ಗ್ಯಾಲ್ವನೋಮೀಟರಿನ ಪೆಟ್ಟಿಗೆಯೊಳಗಿದೆ. ಆಮೆಯ ಏಳು ಕಳೆದುಹೋಗಿದೆ. ಅದಕ್ಕೆ ಬದಲಾಗಿ ಯಾರೋ ಬೆಂಕಿಪೆಟ್ಟಿಗೆಯ ರಟ್ಟನ್ನು ಕತ್ತರಿಸಿ ಇಟ್ಟಿದ್ದಾರೆ. ಹಿಂಬದಿಯಿಂದಲೇ ಗುರುತು ಸಿಕ್ಕುವುದರಿಂದ ಅದು ಯಾರ ಕೈಗೆ ಬಂದರೂ ಉಳಿದಿಬ್ಬರಿಗೆ ತಿಳಿದುಹೋಗುತ್ತದೆ. ಹೊಸದೊಂದನ್ನು ಕತ್ತರಿಸಬೇಕು.